ಪಾತ್ರದ ಪಶ್ಚಾತ್ತಾಪ, ಆಟಗಾರನ ಬಂದೂಕು: ಮುಕ್ತಲೋಕದ ವಿಡಿಯೋ ಗೇಮ್‌ಗಳಲ್ಲಿ ಕಥೆ

ಸಿನಿಮಾ ನಾಯಕನ ನಡೆ-ನುಡಿಗೆ ನಿರ್ದೇಶಕನೇ ಒಡೆಯ. ವಿಡಿಯೋ ಗೇಮ್ ನಾಯಕನಿಗಾದರೋ ಇಬ್ಬರು ಒಡೆಯರು. ಕಥೆ ಬರೆದವನೊಬ್ಬ, ಗುಂಡಿ ಒತ್ತುವ ಆಟಗಾರ ಮತ್ತೊಬ್ಬ. ‘ಓಪನ್ ವರ್ಲ್ಡ್’ ಅರ್ಥಾತ್ ಮುಕ್ತಲೋಕದ ಸಾಹಸ ಆಟಗಳಲ್ಲಿ ಈ ಇಬ್ಬರ ಜಗಳ ತಾರಕಕ್ಕೇರುತ್ತದೆ. ಏಕೆಂದರೆ ಇಲ್ಲಿ ಇಡೀ ನಗರ ಅಥವಾ ಪ್ರಾಂತ್ಯವೇ ಆಟಗಾರನ ಮುಂದೆ ತೆರೆದುಕೊಂಡಿರುತ್ತದೆ. ಕಥೆಯ ಮುಂದಿನ ಘಟ್ಟಕ್ಕೆ ಯಾವಾಗ ಹೋಗಬೇಕು, ಅಲ್ಲಿಯತನಕ ಸುಮ್ಮನೆ ಕಾರು ಓಡಿಸಬೇಕೋ, ದಾರಿಹೋಕರ ಮೇಲೆ ಗುಂಡು ಹಾರಿಸಬೇಕೋ ಎಂಬುದು ಅವನಿಗೆ ಬಿಟ್ಟ ವಿಚಾರ.

ಈ ಪ್ರಕಾರಕ್ಕೆ ಇಂದಿನ ರೂಪ ಕೊಟ್ಟದ್ದು 2001ರಲ್ಲಿ ಬಂದ ರಾಕ್‌ಸ್ಟಾರ್ ಗೇಮ್ಸ್‌ನ ‘ಗ್ರ್ಯಾಂಡ್ ಥೆಫ್ಟ್ ಆಟೋ 3’. ಅದರ ನಾಯಕ ಕ್ಲಾಡ್ ಆಟದುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ಮಾತಿಲ್ಲದವನ ಮನಸ್ಸು ಯಾರಿಗೂ ತಿಳಿಯದು. ಹಾಗಾಗಿ ಆಟಗಾರ ಏನು ಮಾಡಿದರೂ ಅದು ಅವನ ಸ್ವಭಾವಕ್ಕೆ ವಿರುದ್ಧವೆನಿಸದು. 2002ರ ‘ವೈಸ್ ಸಿಟಿ’ಯಲ್ಲಿ ಹಾಲಿವುಡ್ ನಟ ರೇ ಲಿಯೊಟಾ ಕಂಠದಾನದಿಂದ ನಾಯಕನಿಗೆ ಮಾತು ಬಂತು. ನಮ್ಮ ಸೈಬರ್ ಕೆಫೆಗಳಲ್ಲಿ ಹುಡುಗರನ್ನು ಗಂಟೆಗಟ್ಟಲೆ ಹಿಡಿದು ಕೂರಿಸಿದ್ದು ಇದೇ ಆಟ. 2004ರ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ನಾಯಕ ಕಾರ್ಲ್ ಜಾನ್ಸನ್ ತಾಯಿಯ ಸಾವಿನ ಸುದ್ದಿ ಕೇಳಿ ಊರಿಗೆ ಮರಳುತ್ತಾನೆ. ಆಟಗಾರ ಅವನಿಗೆ ಮಿತಿಮೀರಿ ತಿನ್ನಿಸಿದರೆ ಬೊಜ್ಜು ಬರುತ್ತದೆ, ವ್ಯಾಯಾಮ ಮಾಡಿಸಿದರೆ ಮೈ ಹುರಿಗಟ್ಟುತ್ತದೆ.

ಬಿರುಕು ಎದ್ದು ಕಂಡದ್ದು 2008ರ ‘ಗ್ರ್ಯಾಂಡ್ ಥೆಫ್ಟ್ ಆಟೋ 4’ರಲ್ಲಿ. ನಾಯಕ ನಿಕೊ ಬೆಲಿಕ್ ಪೂರ್ವ ಯುರೋಪಿನ ಮಾಜಿ ಯೋಧ. ಯುದ್ಧದಲ್ಲಿ ಅವನ ತಂಡದ 15 ಹುಡುಗರ ಪೈಕಿ 12 ಮಂದಿ ಸತ್ತಿದ್ದಾರೆ. ಉಳಿದ ಮೂವರಲ್ಲೊಬ್ಬ ದ್ರೋಹಿ. ಅವನನ್ನು ಅರಸುತ್ತಾ ಅಮೆರಿಕಕ್ಕೆ ಬಂದ ನಿಕೊ ರಕ್ತಪಾತದಿಂದ ಬೇಸತ್ತವನಂತೆ ಮಾತನಾಡುತ್ತಾನೆ. ಆದರೆ ಮಾತು ಮುಗಿದ ಮರುಕ್ಷಣವೇ ಆಟಗಾರ ಪಾದಚಾರಿ ಮಾರ್ಗದ ಮೇಲೆ ಕಾರು ಹರಿಸಬಹುದು! ಹಿಂದಿನ ವರ್ಷವಷ್ಟೇ, ಅಂದರೆ 2007ರಲ್ಲಿ, ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ ‘ಬಯೋಶಾಕ್’ ಆಟವನ್ನು ವಿಮರ್ಶಿಸುತ್ತಾ, ಕಥೆ ಹೇಳುವುದೊಂದು, ಆಟ ಮಾಡಿಸುವುದಿನ್ನೊಂದು ಎಂಬ ಈ ಅಪಸ್ವರಕ್ಕೆ ‘ಲ್ಯೂಡೊನೆರೇಟಿವ್ ಡಿಸೊನೆನ್ಸ್’ ಎಂದು ಹೆಸರಿಟ್ಟಿದ್ದರು. ಹೆಸರು ಕ್ಲಿಷ್ಟವಾದರೂ ದೂರು ಸರಳ. 2013ರ ಐದನೇ ಆಟ ಇದಕ್ಕೆ ಜಾಣ ಉಪಾಯ ಹುಡುಕಿತು. ಮೂವರು ನಾಯಕರು, ಅವರಲ್ಲೊಬ್ಬ ಟ್ರೆವರ್. ಆಟಗಾರ ನಡೆಸುವ ಯಾವ ಹುಚ್ಚಾಟವೂ ಅವನಿಗೆ ಒಪ್ಪುತ್ತದೆ. ಸಮಸ್ಯೆಯನ್ನು ಬಗೆಹರಿಸಿದ್ದಲ್ಲ, ಬದಿಗೆ ಸರಿಸಿದ್ದು ಎನ್ನದೆ ವಿಧಿಯಿಲ್ಲ.

ನಿಜವಾದ ಉತ್ತರ ಬಂದದ್ದು 2018ರ ‘ರೆಡ್ ಡೆಡ್ ರಿಡೆಂಪ್ಶನ್ 2’ರಲ್ಲಿ. ಇದರ ನಿರ್ಮಾಣದಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾ ಸ್ಟುಡಿಯೋದ ದುಡಿಮೆಯೂ ಸೇರಿದೆ. ಕಾಲ 1899, ನಾಯಕ ದರೋಡೆಕೋರ ಆರ್ಥರ್ ಮಾರ್ಗನ್. ಗುಂಪಿನ ಸಾಲ ವಸೂಲಿಗೆಂದು ಅವನು ಥಾಮಸ್ ಡೌನ್ಸ್ ಎಂಬ ಬಡ ರೈತನನ್ನು ಹೊಡೆಯುತ್ತಾನೆ. ಆ ರೈತ ಕೆಮ್ಮಿದಾಗ ಆರ್ಥರನ ಮುಖಕ್ಕೆ ರಕ್ತ ಸಿಡಿಯುತ್ತದೆ. ಕಥೆ ಸಾಗಬೇಕಾದರೆ ಆಟಗಾರ ಈ ಹೊಡೆತಗಳನ್ನು ಕೊಡಲೇಬೇಕು. ಕೊಡುವಾಗ ಅದು ನೂರರಲ್ಲೊಂದು ಸಾಮಾನ್ಯ ಕೆಲಸದಂತೆ ತೋರುತ್ತದೆ. ಹತ್ತಾರು ಗಂಟೆಗಳ ಆಟದ ಬಳಿಕ ವೈದ್ಯರು ಆರ್ಥರನಿಗೆ ಕ್ಷಯ ತಗುಲಿದೆ ಎನ್ನುತ್ತಾರೆ. ಅವನು ಕೃಶನಾಗುತ್ತಾನೆ, ಕೆಮ್ಮು ಬಿಡುವುದಿಲ್ಲ. ಆ ರೈತನ ವಿಧವೆ ಮೈ ಮಾರಿ ಬದುಕುವ ಸ್ಥಿತಿಯಲ್ಲಿ ಎದುರಾಗುತ್ತಾಳೆ. ಕಥೆಗಾರ ಬರೆದ ಪಾಪವನ್ನು ಮಾಡಿದ್ದು ಆಟಗಾರನ ಕೈ. ಆದ್ದರಿಂದಲೇ ಆರ್ಥರನ ಪಶ್ಚಾತ್ತಾಪ ಅವನಿಗೂ ತಟ್ಟುತ್ತದೆ.

ಅಡ್ಡಾಡುವುದನ್ನೂ ಈ ಆಟ ಪಾತ್ರದೊಳಕ್ಕೆ ಸೆಳೆದುಕೊಂಡಿದೆ. ಆಟಗಾರ ಅಲೆಯುತ್ತಾ ಕಂಡ ಪ್ರಾಣಿ, ಪಾಳುಮನೆಗಳ ಚಿತ್ರಗಳನ್ನು ಆರ್ಥರ್ ತನ್ನ ದಿನಚರಿಯಲ್ಲಿ ಬಿಡಿಸಿಕೊಳ್ಳುತ್ತಾನೆ. ಆದರೆ ಗೌರವವನ್ನು ಅಳೆಯುವ ‘ಆನರ್’ ಪಟ್ಟಿ ಮಾತ್ರ ಅಷ್ಟು ನಂಬುವಂಥದ್ದಲ್ಲ. ಕೊಲೆ ಮಾಡಿದರೆ ಇಳಿಯುವ ಅಂಕ, ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರ ಹೇಳುತ್ತಾ ಹೋದರೆ ಮತ್ತೆ ಏರುತ್ತದೆ. ಪಾಪವಿಮೋಚನೆ ಇಷ್ಟು ಅಗ್ಗವೇ ಎಂದು ನಗು ಬರುವುದುಂಟು. ಆದರೂ ಆರ್ಥರನ ಕೊನೆಯ ಗಳಿಗೆ ಹೇಗಿರಬೇಕೆಂದು ತೀರ್ಮಾನಿಸುವುದರಲ್ಲಿ ಇದೇ ಪಟ್ಟಿಯ ಪಾತ್ರ ದೊಡ್ಡದು.

ಆರ್ಥರ್ ಸತ್ತ ಮೇಲೂ ಆಟ ನಿಲ್ಲುವುದಿಲ್ಲ. ಉಪಸಂಹಾರದಲ್ಲಿ ಆಟಗಾರ ಅವನ ಗೆಳೆಯ ಜಾನ್ ಮಾರ್ಸ್ಟನ್ ಆಗಿ ಅದೇ ಬೆಟ್ಟ-ಬಯಲುಗಳಲ್ಲಿ ಕುದುರೆ ಓಡಿಸುತ್ತಾನೆ. ಗುಡ್ಡವೊಂದರ ಮೇಲೆ ಆರ್ಥರನ ಸಮಾಧಿಯಿದೆ. ಅಲ್ಲಿಗೆ ಹೋಗಲೇಬೇಕೆಂದು ಆಟ ಎಲ್ಲಿಯೂ ಕಟ್ಟಾಜ್ಞೆ ಮಾಡುವುದಿಲ್ಲ.