ಬಾಡಿಗೆಯ ಅನಾನಸ್

ಕಳೆದ ಬೇಸಗೆಯಲ್ಲಿ ಅತಿಥಿ ಸತ್ಕಾರವನ್ನು ಕುರಿತ ಒಂದು ಚರ್ಚಾ ಕಾರ್ಯಕ್ರಮದ ಚಿತ್ರೀಕರಣ ನಡೆಯುವುದಿತ್ತು. ಸ್ಟುಡಿಯೋದಲ್ಲಿ ಒಂದು ಮನೆಯ ಊಟದ ಮೇಜನ್ನು ಸಜ್ಜುಗೊಳಿಸಿದ್ದೆವು. ಬಿಳಿಯ ಹಾಸು, ಪಾನಕದ ಲೋಟಗಳು, ಬಟ್ಟಲಿನಲ್ಲಿ ಮಲ್ಲಿಗೆ, ನಟ್ಟನಡುವೆ ಕಿರೀಟ ಹೊತ್ತ ಒಂದು ಅನಾನಸ್. ಚರ್ಚೆಗೆ ಬಂದಿದ್ದ ನಿವೃತ್ತ ಇತಿಹಾಸ ಅಧ್ಯಾಪಕರು ಕುಳಿತವರೇ ಹಣ್ಣನ್ನು ದಿಟ್ಟಿಸಿ, "ಏನ್ರೀ, ಇದು ಸ್ವಂತದ್ದೋ ಬಾಡಿಗೆಯದೋ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ನಮ್ಮ ಸಹಾಯಕ ಹುಡುಗ, "ಹಣ್ಣಿನ ಅಂಗಡಿಯಿಂದ ತಂದಿದ್ದು ಸಾರ್, ಸಾಯಂಕಾಲ ವಾಪಸ್ ಕೊಡ್ಬೇಕು" ಎಂದುಬಿಟ್ಟ. ಎಲ್ಲರೂ ನಕ್ಕರು. ಅಧ್ಯಾಪಕರು ಮಾತ್ರ, "ನಾಚಿಕೆ ಪಡಬೇಡಿ. ಇನ್ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನ ದೊಡ್ಡವರೂ ಹೀಗೇ ಮಾಡುತ್ತಿದ್ದರು" ಎಂದರು.

ವಿಜ್ಞಾನದ ಪದವೀಧರನಾದ ನನಗೆ ಈ ಮಾತು ಹೊಸದು. ಆಮೇಲೆ ಓದಿ ತಿಳಿದುಕೊಂಡದ್ದನ್ನು ವಿದ್ಯಾರ್ಥಿ ಮಿತ್ರರ ಮುಂದೆ ಇಡುತ್ತಿದ್ದೇನೆ.

ಅನಾನಸ್‌ನ ತವರು ದಕ್ಷಿಣ ಅಮೆರಿಕ. ಅಲ್ಲಿಯ ಮೂಲನಿವಾಸಿಗಳು ಅದನ್ನು ಬಹು ಹಿಂದಿನಿಂದಲೂ ಬೆಳೆಯುತ್ತಿದ್ದರು. ಅವರ ಭಾಷೆಯ 'ನಾನಾ' ಎಂಬ ಪದವೇ ಪೋರ್ಚುಗೀಸರ ಮೂಲಕ ಬಂದು ನಮ್ಮ 'ಅನಾನಸ್' ಆಯಿತು. ಕೊಲಂಬಸನ ತಂಡ ಈ ಹಣ್ಣನ್ನು ಕಂಡದ್ದು 1493ರ ನವೆಂಬರಿನಲ್ಲಿ, ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ. ಅಲ್ಲಿಂದ ಯುರೋಪಿಗೆ ಹಾಯಿಹಡಗಿನ ಪ್ರಯಾಣ ವಾರಗಟ್ಟಲೆ. ದಾರಿಯಲ್ಲೇ ಹಣ್ಣು ಕೊಳೆಯುತ್ತಿತ್ತು. ಕೆಡದೆ ಉಳಿದು ದಡ ಸೇರಿದ ಒಂದೊಂದು ಹಣ್ಣೂ ರಾಜನ ಮೇಜಿಗೆ ಮೀಸಲು.

1668ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಫ್ರಾನ್ಸಿನ ರಾಯಭಾರಿಗೆ ಔತಣವಿತ್ತನು. ಬೇಸಗೆಯ ಆ ಔತಣದಲ್ಲಿ ಒಂದು ಅನಾನಸ್ ಇತ್ತು. ದೊರೆ ತನ್ನ ತಟ್ಟೆಯಿಂದಲೇ ಒಂದು ತುಂಡನ್ನು ಜಾನ್ ಎವೆಲಿನ್ ಎಂಬ ವಿದ್ವಾಂಸನಿಗೆ ಕೊಟ್ಟನು. ಎವೆಲಿನ್ ತನ್ನ ದಿನಚರಿಯಲ್ಲಿ ಇದನ್ನು ದಾಖಲಿಸಿದ್ದಾನೆ. ಹಣ್ಣಿನ ರುಚಿ ತಾನು ಕೇಳಿದ್ದಷ್ಟು ಇರಲಿಲ್ಲ, ಅಷ್ಟು ದೂರದಿಂದ ಬರುವಾಗ ಕೆಟ್ಟಿರಬಹುದು ಎಂಬುದು ಅವನ ಅಭಿಪ್ರಾಯ. ಆದರೆ ಆ ಸಂಜೆ ರುಚಿ ಮುಖ್ಯವಾಗಿರಲಿಲ್ಲ. ಬಾರ್ಬಡಾಸ್‌ನಂಥ ದ್ವೀಪಗಳು ತನ್ನ ಅಂಕೆಯಲ್ಲಿವೆ ಎಂಬುದನ್ನು ದೊರೆ ಎದುರಾಳಿ ರಾಜ್ಯದ ರಾಯಭಾರಿಗೆ ತೋರಿಸಬೇಕಿತ್ತು. ಆ ಬಾರ್ಬಡಾಸ್‌ನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು ಎಂಬುದನ್ನು ನಾವು ಮರೆಯಬಾರದು. ಮೇಜಿನ ಮೇಲಿದ್ದ ಹಣ್ಣಿನಲ್ಲಿ ಆ ಕಥೆ ಕಾಣುತ್ತಿರಲಿಲ್ಲ.

ಹಣ್ಣನ್ನು ತರಿಸುವುದು ಕಷ್ಟವಾದಾಗ ಅಲ್ಲಿಯೇ ಬೆಳೆಯುವ ಪ್ರಯತ್ನ ಆರಂಭವಾಯಿತು. ಮೊದಲು ಡಚ್ಚರು ಯಶಸ್ವಿಯಾದರು. ಇಂಗ್ಲೆಂಡಿನಲ್ಲಿ ಮ್ಯಾಥ್ಯೂ ಡೆಕರ್ ಎಂಬ ವರ್ತಕನ ರಿಚ್ಮಂಡ್ ತೋಟದಲ್ಲಿ ಹಣ್ಣು ಬಂದಿತು. ಆ ಸಂತೋಷಕ್ಕಾಗಿ 1720ರಲ್ಲಿ ಅನಾನಸ್‌ನದೇ ಒಂದು ವರ್ಣಚಿತ್ರ ತಯಾರಾಯಿತು. ಮನುಷ್ಯರ ಭಾವಚಿತ್ರ ಬರೆಸುವಂತೆ ಹಣ್ಣಿನ ಭಾವಚಿತ್ರ!

ಇಲ್ಲಿ ವಿಜ್ಞಾನ ಪ್ರವೇಶಿಸುತ್ತದೆ. ಅನಾನಸ್ ಗಿಡ ನೀರಿನ ವಿಷಯದಲ್ಲಿ ಬಲು ಜಿಪುಣ. ಹೆಚ್ಚಿನ ಸಸ್ಯಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದರೆ, ಇದು ರಾತ್ರಿ ತೆರೆದು ಇಂಗಾಲದ ಡೈ ಆಕ್ಸೈಡನ್ನು ಹೀರಿ ಕೂಡಿಟ್ಟುಕೊಳ್ಳುತ್ತದೆ. ಹಗಲಿನಲ್ಲಿ ರಂಧ್ರ ಮುಚ್ಚಿಕೊಂಡು, ಕೂಡಿಟ್ಟದ್ದನ್ನು ಬಳಸಿ ಆಹಾರ ತಯಾರಿಸುತ್ತದೆ. ಹೀಗಾಗಿ ಬರವನ್ನು ತಾಳುತ್ತದೆ. ಹಿಮವನ್ನು ಮಾತ್ರ ತಾಳಲಾರದು. ಇಂಗ್ಲೆಂಡಿನ ತೋಟಗಾರರು ಬೇಸಗೆಯನ್ನೇ ಕೃತಕವಾಗಿ ತಯಾರಿಸಬೇಕಾಯಿತು. ಗಾಜಿನ ಮನೆ ಕಟ್ಟಿ, ಒಳಗೆ ಗುಂಡಿ ತೋಡಿ, ಚರ್ಮ ಹದ ಮಾಡಿ ಉಳಿದ ಓಕ್ ತೊಗಟೆಯನ್ನು ತುಂಬುತ್ತಿದ್ದರು. ಆ ತೊಗಟೆ ಹುದುಗುವಾಗ ಹುಟ್ಟುವ ಶಾಖ ತಿಂಗಳುಗಟ್ಟಲೆ ಸಮನಾಗಿ ಇರುತ್ತಿತ್ತು. ಕುಂಡಗಳನ್ನು ಅದರಲ್ಲಿ ಹೂಳಿ, ಚಳಿಗಾಲದಲ್ಲಿ ಒಲೆಗಳನ್ನೂ ಉರಿಸಬೇಕಿತ್ತು. ಹಣ್ಣಿಗಾಗಿ ಎರಡು ಮೂರು ವರ್ಷ ಕಾಯಬೇಕು. ಒಂದು ರಾತ್ರಿ ಬೆಂಕಿ ಆರಿದರೆ ಅಷ್ಟೂ ಶ್ರಮ ವ್ಯರ್ಥ. ಮೇಜಿನ ಮೇಲೆ ಹಣ್ಣು ಹೊಳೆಯಬೇಕಾದರೆ ಒಲೆಯ ಪಕ್ಕದಲ್ಲಿ ಯಾರೋ ನಿದ್ದೆಗೆಡಬೇಕಿತ್ತು.

ಹೀಗೆ ಬೆಳೆದ ಹಣ್ಣನ್ನು ತಿನ್ನಲು ಮನಸ್ಸಾದರೂ ಹೇಗೆ ಬಂದೀತು? ಅಂದಿನ ಔತಣಗಳಲ್ಲಿ ಹಲವು ಭಕ್ಷ್ಯಗಳನ್ನು ಒಮ್ಮೆಗೇ ಮೇಜಿನ ಮೇಲೆ ಒಪ್ಪವಾಗಿ ಜೋಡಿಸುವ ಪದ್ಧತಿಯಿತ್ತು. ಕೊನೆಯ ಸರದಿಯಲ್ಲಿ ಹಣ್ಣುಗಳ ಗೋಪುರ ಬರುತ್ತಿತ್ತು. ಅದರ ಶಿಖರದಲ್ಲಿ ಅನಾನಸ್. ಕೊಳ್ಳುವ ಶಕ್ತಿ ಇಲ್ಲದವರು ಒಂದು ಸಂಜೆಯ ಮಟ್ಟಿಗೆ ಅದನ್ನು ಬಾಡಿಗೆಗೆ ತರುತ್ತಿದ್ದರು. ಒಂದೇ ಹಣ್ಣು ಮನೆಯಿಂದ ಮನೆಗೆ ಸುತ್ತಿ, ಕೊನೆಗೆ ತಿನ್ನುವ ಶ್ರೀಮಂತನ ಕೈ ಸೇರುತ್ತಿತ್ತು. ಮುಂದೆ 19ನೆಯ ಶತಮಾನದಲ್ಲಿ ಸೇವಕರು ಒಂದೊಂದೇ ಭಕ್ಷ್ಯವನ್ನು ತಂದು ಬಡಿಸುವ ರಷ್ಯನ್ ಪದ್ಧತಿ ರೂಢಿಗೆ ಬಂದಿತು. ಆಗ ಮೇಜಿನ ನಡುಭಾಗ ತೆರವಾಗಿ, ಹೂವು ಹಣ್ಣುಗಳ ಅಲಂಕಾರಕ್ಕೇ ಮೀಸಲಾಯಿತು. ಇಂದಿಗೂ ನಾವು ಮೇಜಿನ ನಡುವೆ ಹೂದಾನಿ ಇಡುವುದರ ಹಿಂದೆ ಈ ಬದಲಾವಣೆಯಿದೆ.

ಇದೇ ಹಣ್ಣಿಗೆ ಭಾರತದಲ್ಲಿ ಆದ ಸ್ವಾಗತವೇ ಬೇರೆ. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಇದನ್ನು ನಮ್ಮ ಕರಾವಳಿಗೆ ತಂದರು. ಆ ಶತಮಾನ ಮುಗಿಯುವುದರೊಳಗೆ ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ ಇದನ್ನು ಹೆಸರಿಸುತ್ತಾನೆ. ಕುಂಡದಲ್ಲಿಟ್ಟು ಪ್ರಯಾಣದಲ್ಲೂ ಒಯ್ಯಬಹುದಾದ್ದರಿಂದ ಇದಕ್ಕೆ 'ಪ್ರಯಾಣದ ಹಲಸು' ಎಂಬ ಅರ್ಥದ ಹೆಸರಿತ್ತಂತೆ. ಹೋಲಿಕೆ ಸುಳ್ಳಲ್ಲ. ಹಲಸಿನಂತೆ ಅನಾನಸ್ ಕೂಡ ಹಲವು ಹೂಗಳು ಒಂದಾಗಿ ಬೆಸೆದು ಆದ ಸಂಯುಕ್ತ ಫಲ. ಅದರ ಮೇಲಿನ ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು. ಜಹಾಂಗೀರನು (ಆಳ್ವಿಕೆ 1605-1627) ತನ್ನ ಆತ್ಮಚರಿತ್ರೆಯಲ್ಲಿ ಆಗ್ರಾದ ಗುಲ್-ಅಫ್ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಅನಾನಸ್ ಬೆಳೆಯುತ್ತವೆ ಎಂದು ಬರೆದಿದ್ದಾನೆ. ಚಾರ್ಲ್ಸ್ ದೊರೆ ಒಂದು ಹಣ್ಣನ್ನು ತುಂಡು ಮಾಡಿ ಹಂಚುವುದಕ್ಕಿಂತ ನಾಲ್ಕು ದಶಕಗಳಿಗೂ ಹೆಚ್ಚು ಹಿಂದಿನ ಮಾತಿದು. ಸೂರ್ಯನೇ ಉಚಿತವಾಗಿ ಒಲೆ ಉರಿಸುವ ನಾಡಿನಲ್ಲಿ ಅನಾನಸ್‌ಗೆ ಆ ಗರ್ವ ಉಳಿಯಲಿಲ್ಲ. ಇಂದು ನಮ್ಮ ಬನವಾಸಿ, ಸೊರಬ ಸೀಮೆಯಲ್ಲಿ ಅದು ಹೊಲದ ಬೆಳೆ. ಮದುವೆಮನೆಯ ಬಾಳೆ ಎಲೆಯಲ್ಲಿ ಅದು ಗೊಜ್ಜು; ಸಿಹಿಯ ಜಾಗದಲ್ಲಿ ಕೇಸರಿಬಾತು.

ಇಂಗ್ಲೆಂಡಿನಲ್ಲೂ ಆ ಗರ್ವ ಇಳಿಯಿತು. 19ನೆಯ ಶತಮಾನದ ನಡುವಿನ ವೇಳೆಗೆ ಹಡಗುಗಳು ವೇಗವಾಗಿ, ಹೆಚ್ಚು ಹೆಚ್ಚು ಹಣ್ಣು ಹೊತ್ತು ತಂದವು. ಲಂಡನ್ನಿನ ಬೀದಿ ವ್ಯಾಪಾರಿಗಳು ಅನಾನಸ್ ಹೋಳುಗಳನ್ನು ಚಿಲ್ಲರೆ ಕಾಸಿಗೆ ಮಾರತೊಡಗಿದರು. ಕೂಲಿಯವನ ಬಾಯಿಗೂ ಸಿಕ್ಕಿದ ಮೇಲೆ ಅದನ್ನು ಬಾಡಿಗೆಗೆ ತರುವ ಅಗತ್ಯ ಯಾರಿಗಿದೆ? ಹಣ್ಣಿನ ಬಣ್ಣ, ಪರಿಮಳ, ಕಿರೀಟ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಬೆಲೆ ಮಾತ್ರ. ಹಾಗಾದರೆ ಅಷ್ಟು ವರ್ಷ ಮೇಜಿನ ನಡುವೆ ಕುಳಿತಿದ್ದದ್ದು ಹಣ್ಣಿನ ಚೆಲುವೋ, ಯಜಮಾನನ ಅಂತಸ್ತೋ? ಈ ಪ್ರಶ್ನೆಯನ್ನು ಯಾವ ಕಾಲದ ಅಲಂಕಾರಕ್ಕೂ ಕೇಳಬಹುದು, ನಮ್ಮ ಕಾಲದ್ದಕ್ಕೂ.

ಮತ್ತೆ ಸ್ಟುಡಿಯೋಗೆ ಬರೋಣ. ಚಿತ್ರೀಕರಣ ಮುಗಿದ ಮೇಲೆ ಹುಡುಗನ ಕೈಗೆ ಹಣ ಕೊಟ್ಟು, ಹಣ್ಣನ್ನು ಹಿಂದಿರುಗಿಸಬೇಡ ಎಂದೆ. ಕ್ಯಾಂಟೀನಿನಿಂದ ಚಾಕು ಬಂತು. ಬಿಡಿಸಿಟ್ಟ ಮೇಲೆ ಅನಾನಸ್ ಮಾವಿನಂತೆ ಹಣ್ಣಾಗುತ್ತ ಸಿಹಿಯಾಗುವುದಿಲ್ಲ. ಕೆಡುತ್ತ ಹೋಗುತ್ತದೆ ಅಷ್ಟೇ. ದೀಪಗಳ ಶಾಖಕ್ಕೆ ಬುಡದ ಕಡೆ ಸ್ವಲ್ಪ ಹುಳಿತಿತ್ತು. ಅದನ್ನು ಕತ್ತರಿಸಿ ತೆಗೆದು, ಉಳಿದದ್ದಕ್ಕೆ ಉಪ್ಪು ಖಾರ ಹಚ್ಚಿದೆವು. ಅತಿಥಿಗಳು, ಕ್ಯಾಮೆರಾದವರು, ದೀಪದವರು, ಮೇಜು ಜೋಡಿಸಿದ ಹುಡುಗ, ಎಲ್ಲರಿಗೂ ಒಂದೊಂದು ಹೋಳು ಬಂದಿತು. ಅಧ್ಯಾಪಕರು ತಮ್ಮ ಹೋಳನ್ನು ಬಾಯಿಗಿಟ್ಟುಕೊಂಡು, "ಈಗ ನೋಡಿ, ಇದು ಸತ್ಕಾರ" ಎಂದರು. ಆ ಮಾತು ಹೇಳುವಾಗ ಕ್ಯಾಮೆರಾ ಓಡುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.