ಹೊರಗೋಡೆಯ ಬಿರುಕಿನ ಚರಿತ್ರೆ

ನಮ್ಮ ದೇವಾಲಯದ ನೂರು ವರ್ಷಗಳ ವೃತ್ತಾಂತವು ಈ ಸಂಚಿಕೆಯ ಅನ್ಯ ಪುಟಗಳಲ್ಲಿದೆ. ಮನೆಗಳನ್ನು ಆಶೀರ್ವದಿಸಲು ಹೋದಾಗಲೆಲ್ಲ ಭಕ್ತಾದಿಗಳು ಚಿಂತೆಯಿಂದ ನಮಗೆ ತೋರಿಸುವ ಬೇರೊಂದು ಸಂಗತಿಯ ಚರಿತ್ರೆಯನ್ನು ನಾವು ಇಲ್ಲಿ ನಿರೂಪಿಸಬಯಸುತ್ತೇವೆ. ಅದು ಹೊರಗೋಡೆಯ ಬಿರುಕು.

ಬೆಂಗಳೂರಿನ ಈ ದಕ್ಷಿಣ ಭಾಗವು ಹಿಂದೆ ಹೊಲ, ತೋಪು, ಕೆರೆಗಳ ಪ್ರದೇಶವಾಗಿತ್ತು. ಹಳ್ಳಿಗರು ಕೆಮ್ಮಣ್ಣನ್ನು ತುಳಿದು ದಪ್ಪ ಗೋಡೆಗಳನ್ನು ಎಬ್ಬಿಸುತ್ತಿದ್ದರು. ಅನುಕೂಲವಿದ್ದವರು ಸುಣ್ಣದ ಗಾರೆಯಿಂದ ಕಟ್ಟಿಸುತ್ತಿದ್ದರು. ಗಾರೆಯು ನಿಧಾನವಾಗಿ ಗಟ್ಟಿಯಾಗುವ ವಸ್ತು. ನೆಲ ತುಸು ಕುಸಿದರೆ ಅದೂ ತುಸು ಹೊಂದಿಕೊಳ್ಳುತ್ತದೆ. ಕೂದಲೆಳೆಯಷ್ಟು ಬಿರುಕುಬಿಟ್ಟರೂ, ನೀರಿನಲ್ಲಿ ಕರಗಿದ ಸುಣ್ಣವು ಅಲ್ಲಿಯೇ ಹರಳುಗಟ್ಟಿ ಅದನ್ನು ಮುಚ್ಚುವುದುಂಟು.

1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಅನಂತರ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಹಬ್ಬಿದವು. ಗಾರೆಯ ಸ್ಥಾನಕ್ಕೆ ಸಿಮೆಂಟು, ದಪ್ಪ ಗೋಡೆಯ ಸ್ಥಾನಕ್ಕೆ ತೆಳುಗೋಡೆ, ಅದರ ಮೇಲೆ ಕಾಂಕ್ರೀಟಿನ ತಾರಸಿ ಬಂದವು. ಸಿಮೆಂಟು ಬಲವಾದುದು, ಆದರೆ ಬಾಗುವುದನ್ನು ಅರಿಯದು. ನೆಲವೂ ಎಲ್ಲೆಡೆ ಒಂದೇ ತೆರನಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅಂಥ ಶಿಲೆ ಶಿಥಿಲಗೊಂಡು ಉಂಟಾದ ಕೆಮ್ಮಣ್ಣು ಪಾಯಕ್ಕೆ ಒಳ್ಳೆಯದು. ಆದರೆ ಕೆರೆಯಂಗಳದ ಜೇಡಿಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಆ ಹೆಸರಿನೊಳಗೇ ಒಂದು ಕೆರೆಯಿದೆ ಎಂಬುದನ್ನು ಮನೆ ಕಟ್ಟುವವರು ಮರೆಯಬಾರದು.

ಬಿರುಕುಗಳಲ್ಲಿಯೂ ಭೇದವುಂಟು. ಜೇಡರಬಲೆಯಂತೆ ಹರಡಿದ ಸಣ್ಣ ಗೆರೆಗಳು ಸಾಮಾನ್ಯವಾಗಿ ಮೇಲ್ಪದರದ ಗಿಲಾವು ಒಣಗಿ ಕುಗ್ಗಿದುದರ ಗುರುತು. ತಾರಸಿಯ ಕೆಳಗೆ ಅಡ್ಡಲಾಗಿ ಓಡುವ ಗೆರೆಯು ಬಹುಮಟ್ಟಿಗೆ ಬಿಸಿಲಿಗೆ ಕಾಂಕ್ರೀಟು ಹಿಗ್ಗಿದುದರಿಂದ ಆಗುವಂಥದು. ಕಿಟಕಿಯ ಮೂಲೆಯಿಂದ ಮೆಟ್ಟಿಲುಮೆಟ್ಟಿಲಾಗಿ ಓರೆಯಾಗಿ ಇಳಿಯುವ ಬಿರುಕಾದರೋ ಪಾಯ ಕುಸಿಯುತ್ತಿರುವ ಸೂಚನೆಯಾಗಿರಬಹುದು. ಬಾಗಿಲುಗಳೂ ಬಿಗಿಯಾಗುತ್ತಿದ್ದರೆ ಎಂಜಿನಿಯರರನ್ನು ಕರೆಯಲು ತಡಮಾಡಲಾಗದು.

ನಮ್ಮ ತಪ್ಪನ್ನೂ ಇಲ್ಲಿ ಹೇಳಿಕೊಳ್ಳಬೇಕು. ಗುರುನಿವಾಸದ ಹಳೆಯ ಗಾರೆಗೋಡೆ ಬಿರುಕುಬಿಟ್ಟಾಗ, ಹಬ್ಬವು ಸಮೀಪಿಸಿತೆಂಬ ಆತುರದಲ್ಲಿ ಎರಡು ಬಾರಿ ಅದಕ್ಕೆ ಸಿಮೆಂಟು ಬಳಿಸಿದೆವು. ಎರಡು ಬಾರಿಯೂ ಮಳೆಗಾಲ ಕಳೆಯುವಷ್ಟರಲ್ಲಿ ಅದು ಮತ್ತೆ ಬಾಯಿತೆರೆಯಿತು. ಸಿಮೆಂಟಿನ ಹಿಂದೆ ತೇವ ಸೇರಿ ಗಾರೆಯೂ ಪುಡಿಯಾಯಿತು. ಮೂರನೆಯ ಬಾರಿ ಬಂದ ವೃದ್ಧ ಮೇಸ್ತ್ರಿ ಕರಣೆಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳುಪಟ್ಟಿಯನ್ನು ಅಂಟಿಸಿ, ತಾರೀಖು ಬರೆದು ಹೊರಟುಹೋದರು. ಕೆಲವು ವಾರಗಳಲ್ಲಿ ಗಾಜು ಒಡೆಯಿತು. ಪಾಯದ ಬಳಿ ಅಗೆದು ನೋಡಿದಾಗ ಒಡೆದ ಮೋರಿಕೊಳವೆಯಿಂದ ನೀರು ಸೋರಿ ಮಣ್ಣನ್ನು ಕೊಚ್ಚುತ್ತಿತ್ತು. ಮೊದಲು ಕೊಳವೆಯನ್ನು ಸರಿಪಡಿಸಿ, ಮಣ್ಣನ್ನು ಭದ್ರಪಡಿಸಿ, ಕಡೆಯಲ್ಲಿ ಸುಣ್ಣದ ಗಾರೆಯನ್ನೇ ತುಂಬಿದರು. ಅಂದಿನಿಂದ ಗೋಡೆ ನಿಂತಿದೆ. ಆದರೆ ಅದಕ್ಕೆ ಮುಂಚೆ ವ್ಯರ್ಥವಾದ ಹಣ ಭಕ್ತಾದಿಗಳ ಕಾಣಿಕೆಯದಾಗಿತ್ತು.

ಬಂಡೆಯ ಮೇಲೆ ಕಟ್ಟಿದ ಮನೆಯ ಸಾಮತಿಯನ್ನು ನಾವು ಪೀಠದಿಂದ ಎಷ್ಟೋ ಬಾರಿ ಬೋಧಿಸಿದ್ದೇವೆ. ನಮ್ಮ ಪಾಯವನ್ನು ಮಾತ್ರ ನೋಡಿಕೊಂಡಿರಲಿಲ್ಲ. ಆದುದರಿಂದ ಪ್ರಿಯರೇ, ಬಿರುಕನ್ನು ಮುಚ್ಚುವ ಮುನ್ನ ಅದರ ಕಾರಣವನ್ನು ಹುಡುಕಿರಿ.