ಬೆಂಗಳೂರಿನ ಮೆಟಲ್ ಸಂಗೀತ: ಒಂದು ಎರಡನೆಯ ಧ್ವನಿಮುದ್ರಿಕೆಯ ಕಾಲವಿಚಾರ

ಕವಿಗಳ ಕಾಲವಿಚಾರದಲ್ಲಿ ನಮ್ಮ ವಿದ್ವಾಂಸರು ಪಟ್ಟಿರುವ ಶ್ರಮದಲ್ಲಿ ಶತಾಂಶವಾದರೂ ನಗರಗಳ ಇತ್ತೀಚಿನ ಸಂಗೀತದ ಕಡೆಗೆ ಹರಿದಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮೆಟಲ್ ಎಂಬ ಉಗ್ರಸಂಗೀತ ಬೇರೂರಿದುದು ವಿದೇಶೀ ತಂಡಗಳು ಅರಮನೆ ಮೈದಾನಕ್ಕೆ ಬಂದ ತರುವಾಯ ಎಂದು ತಿಳಿಯುವುದು ಸುಲಭ. ಇಂಗ್ಲೆಂಡಿನ ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಅಲ್ಲಿ ನುಡಿಸಿತು. 2008ರಲ್ಲಿ ಅಮೆರಿಕದ ಮೆಗಾಡೆತ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದವು. ಈ ನಡುವೆ, 2008ರಲ್ಲಿಯೇ, ಬೆಂಗಳೂರಿನದೇ ಆದ ಕ್ರಿಪ್ಟೋಸ್ ತಂಡದ ಎರಡನೆಯ ಧ್ವನಿಮುದ್ರಿಕೆ ‘ದಿ ಆರ್ಕ್ ಆಫ್ ಜೆಮಿನಿ’ ಪ್ರಕಟವಾಯಿತು. ‘ಮಿಥುನದ ನಾವೆ’ ಎಂದು ಇದನ್ನು ಕನ್ನಡಿಸಬಹುದು. ಮುಂಚೆ ನಡೆದುದು ಕಾರಣ, ಆಮೇಲೆ ನಡೆದುದು ಕಾರ್ಯ ಎಂಬ ಊಹೆ ಇಲ್ಲಿ ನಿಲ್ಲುವುದೇ ಎಂಬುದು ವಿಚಾರಣೀಯ.

ಮೊದಲು ಪ್ರಕಾರದ ಮಾತು. ಡೆತ್ ಮೆಟಲ್ ಎಂಬುದು 1980ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಶ್ರುತಿ ತಗ್ಗಿಸಿದ ಗಿಟಾರುಗಳು, ಎರಡು ಕಾಲುಗಳಿಂದಲೂ ಬಾರಿಸುವ ವೇಗದ ಡ್ರಮ್ಮು, ಗಂಟಲಿನ ಆಳದಿಂದ ಹೊರಡುವ ಗರ್ಜನೆ, ಇವು ಅದರ ಲಕ್ಷಣಗಳು. ಗರ್ಜನೆಯನ್ನು ಕಲೆಯೆನ್ನಲು ಸಂಕೋಚಪಡುವವರು ನೆಮ್ಮಾರು, ಶೃಂಗೇರಿಗಳ ಕಡೆ ಬಯಲಾಟ ನೋಡಿದ್ದರೆ ಬಣ್ಣದ ವೇಷದ ಆರ್ಭಟವನ್ನು ನೆನೆಯಬಹುದು. ಅದೂ ಅರ್ಥವನ್ನು ಹೇಳುವುದಿಲ್ಲ. ಪಾತ್ರದ ಸ್ವಭಾವವನ್ನು ಸಾರುತ್ತದೆ. ಇದು ಸಾದೃಶ್ಯವೇ ಹೊರತು ಸಂಬಂಧವಲ್ಲ. ಕ್ರಿಪ್ಟೋಸ್ ತಂಡವನ್ನು ಶುದ್ಧ ಡೆತ್ ಮೆಟಲ್ ಎನ್ನಲಾಗದು. ಅದರ ಗಿಟಾರುಗಳು 1980ರ ಸುಮಾರಿನ ಬ್ರಿಟಿಷ್ ಹೆವಿ ಮೆಟಲ್ಲಿನ ಜೋಡಿವಾದನದ ಜಾಡಿನವು. ಕರ್ಕಶವಾದ ಕಂಠ ಮಾತ್ರ ಈ ಕಡೆಯದು.

ಎರಡನೆಯ ಮುದ್ರಿಕೆಗೆ ಇಷ್ಟು ಬೆಲೆ ಏಕೆ? ಆ ಪ್ರಕಾರಕ್ಕೆ ಹೆಸರು ತಂದ ತಂಡಗಳಲ್ಲಿ ಒಂದಾದ ಫ್ಲಾರಿಡಾದ ‘ಡೆತ್’ ತಂಡವನ್ನು ನೋಡಬಹುದು. ಅದರ ಮೊದಲನೆಯ ಮುದ್ರಿಕೆ 1987ರದು. ಚಕ್ ಶುಲ್ಡಿನರ್ ಎಂಬ ತರುಣ ಒಬ್ಬ ಡ್ರಮ್ ವಾದಕನನ್ನು ಮಾತ್ರ ಜೊತೆಗಿಟ್ಟುಕೊಂಡು ದೂರದ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮುಗಿಸಿದನು. 1988ರ ಎರಡನೆಯದು, ‘ಲೆಪ್ರಸಿ’, ನಾಲ್ವರ ತಂಡದ ಹೆಸರಿನಲ್ಲಿ, ಸ್ವಂತ ಸೀಮೆಯ ಟ್ಯಾಂಪಾ ನಗರದ ಮಾರಿಸೌಂಡ್ ಸ್ಟುಡಿಯೋದಲ್ಲಿ ಸಿದ್ಧವಾಯಿತು. ಬಳಿಕ ಬಫಲೋ ನಗರದ ಕ್ಯಾನಿಬಲ್ ಕಾರ್ಪ್ಸ್, ಇಂಗ್ಲೆಂಡಿನ ನೇಪಾಮ್ ಡೆತ್ ಮೊದಲಾದ ತಂಡಗಳು ಅದೇ ಸ್ಟುಡಿಯೋವನ್ನು ಹುಡುಕಿಕೊಂಡು ಬಂದವು. ಮೊದಲನೆಯದು ಒಬ್ಬನ ಹಟವಾದರೆ, ಎರಡನೆಯದರಿಂದ ಒಂದು ಊರಿನ ಚರಿತ್ರೆ ಆರಂಭವಾಯಿತೆನ್ನಬಹುದು.

ಬೆಂಗಳೂರಿನಲ್ಲಿ ಅಂತಹ ಸ್ಟುಡಿಯೋ ಇರಲಿಲ್ಲ. ಇದ್ದುದು ಕಾಲೇಜುಗಳ ಉತ್ಸವಗಳ ವೇದಿಕೆ, ಕೈಯಿಂದ ಕೈಗೆ ಸಾಗುತ್ತಿದ್ದ ಕ್ಯಾಸೆಟ್ಟು. ಕಾಲೇಜು ವೇದಿಕೆಯ ತಂಡದ ಆಯುಸ್ಸು ಸಾಮಾನ್ಯವಾಗಿ ಪದವಿ ಪರೀಕ್ಷೆಯವರೆಗೆ. ಆಮೇಲೆ ಒಬ್ಬನಿಗೆ ನೌಕರಿ, ಒಬ್ಬನಿಗೆ ಪರದೇಶ. ಆದುದರಿಂದ ಇಲ್ಲಿ ಎರಡನೆಯ ಮುದ್ರಿಕೆಯೆಂಬುದು ಪ್ರತಿಭೆಗಿಂತ ಮಿಗಿಲಾಗಿ ಬಾಳಿಕೆಗೆ ಸಾಕ್ಷಿ. ಕ್ರಿಪ್ಟೋಸ್ ಹುಟ್ಟಿದುದು 1998ರಲ್ಲಿ. ಸ್ಥಾಪಕರಲ್ಲೊಬ್ಬರು ಗಿಟಾರ್ ವಾದಕ ನೋಲನ್ ಲೂಯಿಸ್. ಮೊದಲನೆಯ ಮುದ್ರಿಕೆ ‘ಸ್ಪೈರಲ್ ಅಸೆಂಟ್’ ಬಂದುದು 2004ರಲ್ಲಿ, ಎಂದರೆ ಐರನ್ ಮೇಡನ್ ಬರುವುದಕ್ಕೆ ಮೂರು ವರ್ಷ ಹಿಂದೆ. ಮಂದಗತಿಯ ಡೆತ್ ಮೆಟಲ್ ನುಡಿಸುತ್ತಿದ್ದ ಡೈಯಿಂಗ್ ಎಂಬ್ರೇಸ್ ತಂಡವಂತೂ 1990ರ ದಶಕದಲ್ಲಿಯೇ ಇದೇ ನಗರದಲ್ಲಿತ್ತು. ಹೀಗಿರುವಾಗ 2008ರ ಮುದ್ರಿಕೆಯನ್ನು 2007ರ ಕಛೇರಿಯ ಕೂಸೆಂದು ಎಣಿಸುವುದು ಕಾಲಗಣನೆಗೆ ಒಪ್ಪುವುದಿಲ್ಲ. ಶ್ರೋತೃಗಳು ಮೊದಲೇ ಸಿದ್ಧರಿದ್ದುದರಿಂದಲೇ ವಿದೇಶೀ ತಂಡಗಳು ಈ ಊರಿಗೆ ಬಂದವು ಎನ್ನುವುದು ಹೆಚ್ಚು ಸಂಭವನೀಯವೆಂದು ನಮ್ಮ ಎಣಿಕೆ. ಆ ಕಛೇರಿಗಳಿಂದ ಉತ್ಸಾಹ ಇಮ್ಮಡಿಸಿರಬಹುದು. ಅದು ಬೇರೆಯ ಮಾತು.

ಇನ್ನೊಂದು ಸಂಗತಿಯೂ ಗಮನಾರ್ಹ. ‘ದಿ ಆರ್ಕ್ ಆಫ್ ಜೆಮಿನಿ’ಯನ್ನು ಹೊರತಂದುದು ಓಲ್ಡ್ ಸ್ಕೂಲ್ ಮೆಟಲ್ ರೆಕಾರ್ಡ್ಸ್ ಎಂಬ ಅಮೆರಿಕದ ಸಂಸ್ಥೆ. ಹೊರಗಿನಿಂದ ಕ್ಯಾಸೆಟ್ಟು ತರಿಸಿ ಕೇಳುತ್ತಿದ್ದ ಊರು ಈಗ ತನ್ನ ಸರಕನ್ನು ಹೊರಗೆ ಕಳುಹಿಸಿತು.

ಹಾಡುಗಳೆಲ್ಲ ಇಂಗ್ಲಿಷಿನಲ್ಲಿವೆ, ಇವಕ್ಕೂ ಕರ್ನಾಟಕದ ಚರಿತ್ರೆಗೂ ಏನು ನಂಟು ಎಂಬ ಆಕ್ಷೇಪ ಏಳಬಹುದು. (ಆ ಕಂಠದಲ್ಲಿ ಯಾವ ಭಾಷೆಯ ಪದವೂ ಸುಲಭವಾಗಿ ತಿಳಿಯುವುದಿಲ್ಲವಾದ್ದರಿಂದ ಆಕ್ಷೇಪದ ಅರ್ಧ ಬಲ ಅಲ್ಲಿಯೇ ಕುಂದುತ್ತದೆ.) ಸಂಸ್ಕೃತ, ಪ್ರಾಕೃತ ಶಾಸನಗಳನ್ನು ನಾಡಿನ ಚರಿತ್ರೆಗೆ ಆಧಾರವೆಂದು ಒಪ್ಪಿರುವ ನಾವು, ನಗರದ ಒಂದು ತಲೆಮಾರಿನ ತರುಣರು ತಾವಾಗಿ ಆರಿಸಿಕೊಂಡ ಭಾಷೆಯ ದಾಖಲೆಯನ್ನು ತಳ್ಳಿಹಾಕಲು ನ್ಯಾಯವಿಲ್ಲ.

ತಂಡ 2010ರಲ್ಲಿ ಯುರೋಪಿನಲ್ಲಿ ಸಂಚಾರ ಮಾಡಿತು. ಮೂರನೆಯ ಮುದ್ರಿಕೆ ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ 2012ರಲ್ಲಿ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಮೂಲಕ ಬಂದಿತು. ಮರುವರ್ಷ ಅದೇ ದೇಶದ ವಾಕನ್ ಗ್ರಾಮದ ಉತ್ಸವದಲ್ಲಿ ಬೆಂಗಳೂರಿನ ಈ ತಂಡ ನುಡಿಸಿತು.